ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಆಫ್ ಅಮೇರಿಕ

ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಆಫ್ ಅಮೇರಿಕ ಎಂಬುದು ಅಮೇರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಅರಣ್ಯಗಳಲ್ಲಿರುವ ಕುದುರೆ ಹಾದಿಗಳನ್ನು ದುರಸ್ತಿ ಮಾಡಿ ಕಾಪಾಡುವ ಸ್ಥಳೀಯ ಸವಾರರ ಸಂಘಗಳ ಒಕ್ಕೂಟ. ಇದು ಲಾಭರಹಿತ ಸ್ವಯಂಸೇವಾ ಸಂಸ್ಥೆಯಾಗಿದ್ದು, ಇದರ ಮೂಲ ಸಂಘವು 1973ರಲ್ಲಿ ಮೊಂಟಾನ ರಾಜ್ಯದ ವಾಯವ್ಯ ಭಾಗದಲ್ಲಿರುವ ಫ್ಲ್ಯಾಟ್‌ಹೆಡ್ ಕಣಿವೆಯಲ್ಲಿ ಆರಂಭವಾಯಿತು. ಈಗ ದೇಶದ ಸುಮಾರು 30 ರಾಜ್ಯಗಳಲ್ಲಿ ಇದರ ಘಟಕಗಳಿವೆ. 'ಬ್ಯಾಕ್ ಕಂಟ್ರಿ' ಎಂದರೆ ರಸ್ತೆಗಳಿಂದ ದೂರವಿರುವ, ನಡಿಗೆಯಿಂದ ಅಥವಾ ಪ್ರಾಣಿಗಳ ಬೆನ್ನೇರಿ ಮಾತ್ರ ತಲುಪಬಹುದಾದ ಒಳಗಾಡು ಎಂದರ್ಥ.

ಹಾದಿಗೆ ಅಡ್ಡವಾಗಿ ಬಿದ್ದ ಮರಗಳನ್ನು ಕತ್ತರಿಸಿ ತೆಗೆಯುವುದು, ಮಳೆನೀರಿನಿಂದ ಕೊಚ್ಚಿಹೋದ ಭಾಗಗಳನ್ನು ಸರಿಪಡಿಸುವುದು, ಮರದ ಕಿರುಸೇತುವೆಗಳನ್ನು ಕಟ್ಟುವುದು ಹಾಗೂ ಸರ್ಕಾರಿ ಕೆಲಸಗಾರರ ಸಾಮಗ್ರಿಗಳನ್ನು ಕುದುರೆ ಮತ್ತು ಹೇಸರಗತ್ತೆಗಳ ಮೇಲೆ ಹೇರಿ ಕಾಡಿನೊಳಕ್ಕೆ ಸಾಗಿಸುವುದು ಸದಸ್ಯರ ಮುಖ್ಯ ಕೆಲಸಗಳು. ಈ ಕೆಲಸದ ವೆಚ್ಚದ ದೊಡ್ಡ ಪಾಲನ್ನು ಸದಸ್ಯರೇ ಭರಿಸುತ್ತಾರೆ.

ಹಿನ್ನೆಲೆ

ಅಮೇರಿಕದ ಅರಣ್ಯ ಸೇವೆಯು 1905ರಲ್ಲಿ ಸ್ಥಾಪನೆಯಾಯಿತು. ಇಂದು ಅದರ ಆಡಳಿತದಲ್ಲಿ ಸುಮಾರು 19.3 ಕೋಟಿ ಎಕರೆ ಭೂಮಿ ಇದೆ. ಆರಂಭದ ದಶಕಗಳಲ್ಲಿ ಅರಣ್ಯ ರಕ್ಷಕರು ಕುದುರೆಯ ಮೇಲೆಯೇ ಗಸ್ತು ತಿರುಗುತ್ತಿದ್ದರು. ಪಶ್ಚಿಮದ ಪರ್ವತ ಪ್ರದೇಶಗಳಲ್ಲಿ ಆಹಾರ, ಉಪಕರಣ ಮತ್ತು ದೂರವಾಣಿ ತಂತಿಗಳನ್ನು ಹೇಸರಗತ್ತೆಗಳ ಸಾಲುಗಳು ಹೊತ್ತೊಯ್ಯುತ್ತಿದ್ದವು. 1910ರ ಆಗಸ್ಟ್ ತಿಂಗಳಲ್ಲಿ ಐಡಾಹೊ ಮತ್ತು ಮೊಂಟಾನ ರಾಜ್ಯಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ಸುಟ್ಟ ಮಹಾಕಾಳ್ಗಿಚ್ಚಿನ ನಂತರ ಬೆಂಕಿ ನಂದಿಸುವುದು ಅರಣ್ಯ ಸೇವೆಯ ಪ್ರಧಾನ ಕರ್ತವ್ಯವಾಯಿತು. ಬೆಂಕಿ ಬಿದ್ದ ಸ್ಥಳಕ್ಕೆ ಬೇಗ ತಲುಪುವ ಉದ್ದೇಶದಿಂದ ಹಾದಿಗಳ ದೊಡ್ಡ ಜಾಲವೊಂದು ನಿರ್ಮಾಣವಾಯಿತು. 1933ರಿಂದ 1942ರವರೆಗೆ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ನಡೆದ ನಾಗರಿಕ ಸಂರಕ್ಷಣಾ ದಳದ ಯೋಜನೆಯಲ್ಲಿಯೂ ಅನೇಕ ಕಾಡುಹಾದಿಗಳು ರೂಪುಗೊಂಡವು. ಮೊಂಟಾನದ ನೈನ್‌ಮೈಲ್ ಎಂಬಲ್ಲಿದ್ದ ಅರಣ್ಯ ಸೇವೆಯ ಪಶು ಕೇಂದ್ರವು ಬೆಂಕಿ ನಂದಿಸುವ ತಂಡಗಳಿಗೆ ಹೇರು ಪ್ರಾಣಿಗಳನ್ನು ಒದಗಿಸುತ್ತಿತ್ತು.

1940ರಿಂದ ಧುಮುಕುಕೊಡೆಯ ಮೂಲಕ ಇಳಿದು ಬೆಂಕಿ ನಂದಿಸುವ ಪದ್ಧತಿ ಬಳಕೆಗೆ ಬಂದಿತು. ಎರಡನೆಯ ಮಹಾಯುದ್ಧದ ನಂತರ ಮರಸಾಗಣೆ ರಸ್ತೆಗಳು ಮತ್ತು ಹೆಲಿಕಾಪ್ಟರುಗಳು ಹೆಚ್ಚಿದವು. ಇದರಿಂದ ಹಾದಿಗಳ ಆಡಳಿತಾತ್ಮಕ ಅಗತ್ಯ ಕುಗ್ಗಿತು. ನೈನ್‌ಮೈಲ್ ಪಶು ಕೇಂದ್ರವು 1953ರಲ್ಲಿ ಮುಚ್ಚಿತು. ನಿರ್ವಹಣೆ ಇಲ್ಲದ ಹಲವು ಹಾದಿಗಳಲ್ಲಿ ಮರಗಳು ಅಡ್ಡಬಿದ್ದು, ಪೊದೆ ಬೆಳೆದು, ಕೆಲವು ನಕಾಶೆಯಿಂದಲೇ ಮರೆಯಾದವು.

1960 ಮತ್ತು 1970ರ ದಶಕಗಳಲ್ಲಿ ಬೆನ್ನುಚೀಲ ಹೊತ್ತು ಚಾರಣ ಮಾಡುವವರ ಸಂಖ್ಯೆ ಬಹಳವಾಗಿ ಏರಿತು. ಕುದುರೆಗಳ ಗೊರಸಿನಿಂದ ಹಾದಿ ಸವೆಯುತ್ತದೆ, ಹುಲ್ಲುಗಾವಲು ಹಾಳಾಗುತ್ತದೆ, ಬಿಡಾರದ ಸುತ್ತಲಿನ ಮರಗಳ ಬೇರು ಮತ್ತು ತೊಗಟೆಗೆ ಪೆಟ್ಟಾಗುತ್ತದೆ ಎಂಬ ಆಕ್ಷೇಪಗಳು ಇದೇ ಕಾಲದಲ್ಲಿ ಬಲಗೊಂಡವು. ಪ್ರಾಣಿಗಳ ಪ್ರವೇಶಕ್ಕೆ ಮಿತಿ ಹಾಕುವ ಕ್ರಮಗಳು ಚರ್ಚೆಗೆ ಬಂದವು.

ಸ್ಥಾಪನೆ ಮತ್ತು ಬೆಳವಣಿಗೆ

ಈ ಹಿನ್ನೆಲೆಯಲ್ಲಿ ಫ್ಲ್ಯಾಟ್‌ಹೆಡ್ ಕಣಿವೆಯ ಕೆಲವು ಸವಾರರು 1973ರಲ್ಲಿ ಸಂಘವೊಂದನ್ನು ಕಟ್ಟಿದರು. ಕಣಿವೆಯ ಆಗ್ನೇಯಕ್ಕೆ ಬಾಬ್ ಮಾರ್ಷಲ್ ವನ್ಯಪ್ರದೇಶವಿದೆ. ಅರಣ್ಯಾಧಿಕಾರಿಯೂ ವಿಲ್ಡರ್‌ನೆಸ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರೂ ಆಗಿದ್ದ ಬಾಬ್ ಮಾರ್ಷಲ್ (1901–1939) ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಇದಕ್ಕೆ ಹೊಂದಿಕೊಂಡಿರುವ ಸ್ಕೇಪ್‌ಗೋಟ್ ಮತ್ತು ಗ್ರೇಟ್ ಬೇರ್ ವನ್ಯಪ್ರದೇಶಗಳೂ ಸೇರಿ ಸುಮಾರು 15 ಲಕ್ಷ ಎಕರೆ ವಿಸ್ತಾರವಿರುವ ಈ ಭೂಭಾಗದಲ್ಲಿ ಮೋಟಾರು ರಸ್ತೆಗಳಿಲ್ಲ. ಇಲ್ಲಿ ಕುದುರೆಗಳ ಬಳಕೆ ನಿಂತರೆ ವಯಸ್ಸಾದವರಿಗೂ ದೂರದ ಬೇಟೆಗಾರರು ಮತ್ತು ಮೀನುಗಾರರಿಗೂ ಒಳಗಾಡು ಮುಚ್ಚಿದಂತಾಗುತ್ತದೆ ಎಂಬುದು ಸವಾರರ ಆತಂಕವಾಗಿತ್ತು.

ಸಂಘವು ಪ್ರವೇಶದ ಹಕ್ಕನ್ನು ಕೇಳುವುದರ ಜೊತೆಗೆ ಎರಡು ಹೊಣೆಗಳನ್ನು ತಾನೇ ವಹಿಸಿಕೊಂಡಿತು. ಒಂದು, ಕಾಡಿಗೆ ಆದಷ್ಟು ಕಡಿಮೆ ಹಾನಿಯಾಗುವಂತೆ ಪ್ರಾಣಿಗಳನ್ನು ಬಳಸುವ ವಿಧಾನವನ್ನು ಸವಾರರಿಗೆ ಕಲಿಸುವುದು. ಇನ್ನೊಂದು, ಹಾದಿಗಳ ನಿರ್ವಹಣೆಯಲ್ಲಿ ಅರಣ್ಯ ಸೇವೆಗೆ ಉಚಿತವಾಗಿ ನೆರವಾಗುವುದು. ಮುಂದೆ ಮೊಂಟಾನದ ಇತರ ಕಣಿವೆಗಳಲ್ಲಿಯೂ ನೆರೆಯ ಐಡಾಹೊ ರಾಜ್ಯದಲ್ಲಿಯೂ ಇಂತಹ ಸಂಘಗಳು ಹುಟ್ಟಿಕೊಂಡವು. 1980ರ ದಶಕದಲ್ಲಿ ಇವು ರಾಷ್ಟ್ರಮಟ್ಟದ ಒಕ್ಕೂಟವಾಗಿ ಸಂಘಟಿತವಾದವು. ಪಶ್ಚಿಮದ ಪರ್ವತ ರಾಜ್ಯಗಳಲ್ಲಿ ಆರಂಭವಾದ ಚಟುವಟಿಕೆ ಕ್ರಮೇಣ ಪೂರ್ವ ಮತ್ತು ದಕ್ಷಿಣದ ರಾಜ್ಯಗಳಿಗೂ ಹಬ್ಬಿತು.

ಒಕ್ಕೂಟದ ರಚನೆ ಮೂರು ಹಂತಗಳದು: ಊರು ಅಥವಾ ಕಣಿವೆ ಮಟ್ಟದ ಘಟಕ, ರಾಜ್ಯ ಸಂಘ ಮತ್ತು ರಾಷ್ಟ್ರೀಯ ಮಂಡಳಿ. ಹಾದಿ ಕೆಲಸದ ಯೋಜನೆಯನ್ನು ಸ್ಥಳೀಯ ಘಟಕವು ಆಯಾ ವಲಯದ ಅರಣ್ಯ ಕಚೇರಿಯೊಂದಿಗೆ ಚರ್ಚಿಸಿ ರೂಪಿಸುತ್ತದೆ. ರಾಜ್ಯ ಮತ್ತು ರಾಷ್ಟ್ರೀಯ ಹಂತಗಳು ತರಬೇತಿ, ಅನುದಾನ ಮತ್ತು ಶಾಸನ ಸಂಬಂಧಿ ಕೆಲಸಗಳನ್ನು ನೋಡಿಕೊಳ್ಳುತ್ತವೆ.

ಕಾನೂನಿನ ಚೌಕಟ್ಟು

1964ರ ವನ್ಯಪ್ರದೇಶ ಕಾಯ್ದೆ

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1964ರ ಸೆಪ್ಟೆಂಬರ್ 3ರಂದು ಸಹಿ ಮಾಡಿದ ವನ್ಯಪ್ರದೇಶ ಕಾಯ್ದೆಯು ಆರಂಭದಲ್ಲಿ ಸುಮಾರು 91 ಲಕ್ಷ ಎಕರೆಗೆ ಅನ್ವಯವಾಗಿತ್ತು. ಈಗ ಇಂತಹ ಪ್ರದೇಶಗಳ ಒಟ್ಟು ವಿಸ್ತಾರ 11 ಕೋಟಿ ಎಕರೆಯನ್ನು ಮೀರಿದೆ. ಈ ಕಾಯ್ದೆಯ 4(ಸಿ) ಪ್ರಕರಣವು ವನ್ಯಪ್ರದೇಶದೊಳಗೆ ಮೋಟಾರು ವಾಹನ, ಮೋಟಾರುಚಾಲಿತ ಉಪಕರಣ, ವಿಮಾನ ಇಳಿಸುವಿಕೆ ಹಾಗೂ ಯಾವುದೇ ಬಗೆಯ ಯಾಂತ್ರಿಕ ಸಾಗಣೆಯನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಪ್ರದೇಶದ ಆಡಳಿತಕ್ಕೆ ಅತ್ಯಗತ್ಯವಾದ ಕನಿಷ್ಠ ಕ್ರಮಗಳಿಗೆ ಮಾತ್ರ ವಿನಾಯಿತಿ ಇದೆ. ಕುದುರೆ ಮತ್ತು ಹೇಸರಗತ್ತೆಗಳು ಈ ನಿಷೇಧಕ್ಕೆ ಒಳಪಡುವುದಿಲ್ಲ.

ಹಾದಿ ನಿರ್ವಹಣೆಯ ದೃಷ್ಟಿಯಿಂದ ಇದರ ಪರಿಣಾಮ ದೊಡ್ಡದು. ರಸ್ತೆ ಬದಿಯ ಕಾಡಿನಲ್ಲಿ ಯಂತ್ರ ಗರಗಸದಿಂದ ಕೆಲವೇ ನಿಮಿಷಗಳಲ್ಲಿ ತುಂಡರಿಸಬಹುದಾದ ಮರವನ್ನು ವನ್ಯಪ್ರದೇಶದಲ್ಲಿ ಇಬ್ಬರು ಎಳೆಯುವ ಕೈಗರಗಸದಿಂದಲೇ ಕತ್ತರಿಸಬೇಕು. ಗರಗಸ, ಕೊಡಲಿ, ಹಾರೆ, ಬಿಡಾರ ಮತ್ತು ಹಲವು ದಿನಗಳ ಆಹಾರವನ್ನು ಪ್ರಾಣಿಗಳ ಬೆನ್ನ ಮೇಲೆಯೇ ಸಾಗಿಸಬೇಕು. ಆದ್ದರಿಂದ ಹೇರು ಪ್ರಾಣಿಗಳನ್ನು ಸಾಕಿ ಪಳಗಿಸಿರುವ ಸ್ಥಳೀಯ ಸವಾರರ ನೆರವು ಅರಣ್ಯ ಸೇವೆಗೆ ಅಮೂಲ್ಯವಾಗಿದೆ.

ಸ್ವಯಂಸೇವಕರ ಸ್ಥಾನಮಾನ

1972ರ ರಾಷ್ಟ್ರೀಯ ಅರಣ್ಯ ಸ್ವಯಂಸೇವಕರ ಕಾಯ್ದೆಯು ಅರಣ್ಯ ಸೇವೆಗೆ ಉಚಿತ ಶ್ರಮವನ್ನು ಸ್ವೀಕರಿಸುವ ಅಧಿಕಾರ ನೀಡಿತು. ಒಪ್ಪಂದಕ್ಕೆ ಸಹಿ ಮಾಡಿ ಕೆಲಸ ಮಾಡುವ ಸ್ವಯಂಸೇವಕನಿಗೆ ಸಂಬಳವಿಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ದೊರೆಯುವ ಪರಿಹಾರ ಮತ್ತು ಮೂರನೆಯವರಿಗೆ ಆದ ನಷ್ಟದ ಹೊಣೆ, ಈ ಎರಡು ವಿಷಯಗಳಲ್ಲಿ ಅವನನ್ನು ಕೇಂದ್ರ ಸರ್ಕಾರದ ನೌಕರನಂತೆ ಪರಿಗಣಿಸಲಾಗುತ್ತದೆ.

2016ರ ಹಾದಿ ಪಾಲನಾ ಕಾಯ್ದೆ

ಅಮೇರಿಕದ ಸರ್ಕಾರಿ ಹೊಣೆಗಾರಿಕೆ ಕಚೇರಿಯು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅರಣ್ಯ ಸೇವೆಯ ಸುಮಾರು 1,58,000 ಮೈಲಿ (ಸುಮಾರು 2,54,000 ಕಿ.ಮೀ.) ಹಾದಿಗಳಲ್ಲಿ ಕಾಲು ಭಾಗದಷ್ಟು ಮಾತ್ರ ಇಲಾಖೆಯದೇ ಗುಣಮಟ್ಟಕ್ಕೆ ಅನುಗುಣವಾಗಿದ್ದವು. 2012ನೇ ಹಣಕಾಸು ವರ್ಷದಲ್ಲಿ ಬಾಕಿ ಉಳಿದಿದ್ದ ದುರಸ್ತಿ ಕೆಲಸದ ಅಂದಾಜು ಮೊತ್ತ 31.4 ಕೋಟಿ ಡಾಲರ್ ಆಗಿತ್ತು. ವಾರ್ಷಿಕ ನಿರ್ವಹಣೆ, ಸುಧಾರಣೆ ಮತ್ತು ಕಾರ್ಯಾಚರಣೆಗೆ ಬೇಕಾದ 21 ಕೋಟಿ ಡಾಲರ್ ಇದಕ್ಕೆ ಹೊರತಾಗಿತ್ತು.

ಈ ವರದಿಯ ನಂತರ ವಯೋಮಿಂಗ್‌ನ ರಿಪಬ್ಲಿಕನ್ ಪ್ರತಿನಿಧಿ ಸಿಂಥಿಯಾ ಲಮ್ಮಿಸ್ ಮತ್ತು ಮಿನ್ನೆಸೋಟದ ಡೆಮಾಕ್ರಟಿಕ್ ಪ್ರತಿನಿಧಿ ಟಿಮ್ ವಾಲ್ಜ್ ಅವರು ಜಂಟಿಯಾಗಿ ಮಂಡಿಸಿದ ಮಸೂದೆಗೆ ಒಕ್ಕೂಟವು ಬೆಂಬಲ ನೀಡಿತು. ರಾಷ್ಟ್ರೀಯ ಅರಣ್ಯ ವ್ಯವಸ್ಥೆಯ ಹಾದಿ ಪಾಲನಾ ಕಾಯ್ದೆ ಎಂಬ ಹೆಸರಿನ ಇದು 2016ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಹಾದಿ ಕೆಲಸದಲ್ಲಿ ಸ್ವಯಂಸೇವಕರ ಮತ್ತು ಪಾಲುದಾರ ಸಂಸ್ಥೆಗಳ ಪಾತ್ರವನ್ನು ಗಣನೀಯವಾಗಿ ಹೆಚ್ಚಿಸುವ ರಾಷ್ಟ್ರೀಯ ಕಾರ್ಯನೀತಿ ರೂಪಿಸುವಂತೆ ಕಾಯ್ದೆ ಸೂಚಿಸಿತು. ಇದರ ಅನ್ವಯ 2018ರಲ್ಲಿ ಆದ್ಯತೆಯ 15 ಪ್ರದೇಶಗಳನ್ನು ಗುರುತಿಸಲಾಯಿತು. ಬಾಬ್ ಮಾರ್ಷಲ್ ವನ್ಯಪ್ರದೇಶ ಸಮುಚ್ಚಯ ಮತ್ತು ಮಧ್ಯ ಐಡಾಹೊದ ವನ್ಯಪ್ರದೇಶಗಳು ಅವುಗಳಲ್ಲಿ ಸೇರಿವೆ.

ಹಾದಿ ನಿರ್ವಹಣೆಯ ವಿಧಾನ

ಹಾದಿ ತೆರವು

ಎತ್ತರದ ಪ್ರದೇಶಗಳಲ್ಲಿ ಹಿಮ ಕರಗಿದ ಮೇಲೆ, ವಸಂತದ ಕೊನೆಯಿಂದ ಬೇಸಿಗೆಯವರೆಗೆ, ತೆರವು ಕೆಲಸ ನಡೆಯುತ್ತದೆ. ನಡೆಯುವವನು ಬಿದ್ದ ಮರವನ್ನು ದಾಟಿ ಅಥವಾ ಅದರಡಿ ನುಸುಳಿ ಹೋಗಬಲ್ಲ. ಹೇರು ಹೊತ್ತ ಪ್ರಾಣಿಗೆ ಅದು ಸಾಧ್ಯವಿಲ್ಲ. ಇಳಿಜಾರಿನಲ್ಲಿ ಸುತ್ತಿ ಹೋಗಲು ಪ್ರಯತ್ನಿಸಿದರೆ ಪ್ರಾಣಿ ಜಾರಿ ಬೀಳುವ ಅಪಾಯವಿದೆ. ಸುತ್ತುದಾರಿಗಳು ಹೆಚ್ಚಿದಂತೆ ಮಣ್ಣಿನ ಸವಕಳಿಯೂ ಹೆಚ್ಚುತ್ತದೆ. ಆದ್ದರಿಂದ ಹೇರು ಪ್ರಾಣಿಗಳ ಹಾದಿಯನ್ನು ಸಾಮಾನ್ಯವಾಗಿ ಸುಮಾರು 8 ಅಡಿ ಅಗಲ ಮತ್ತು 10 ಅಡಿ ಎತ್ತರದವರೆಗೆ ಕೊಂಬೆಗಳಿಲ್ಲದಂತೆ ತೆರವು ಮಾಡಲಾಗುತ್ತದೆ.

ಕಾಳ್ಗಿಚ್ಚು ಹಾಯ್ದ ಕಾಡುಗಳಲ್ಲಿ ಈ ಕೆಲಸ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಸುಟ್ಟು ಒಣಗಿ ನಿಂತ ಮರಗಳ ಬೇರು ಕೊಳೆತಂತೆ ಅವು ಹಲವು ವರ್ಷಗಳವರೆಗೆ ಒಂದೊಂದಾಗಿ ಉರುಳುತ್ತವೆ. ಜೂನ್‌ನಲ್ಲಿ ತೆರವಾದ ಹಾದಿ ಒಂದೇ ಬಿರುಗಾಳಿಗೆ ಮತ್ತೆ ಮುಚ್ಚಬಹುದು. ತೊಗಟೆ ದುಂಬಿಯ ಬಾಧೆಯಿಂದ ಸತ್ತ ಪೈನ್ ಮರಗಳೂ ಇದೇ ಸಮಸ್ಯೆಯನ್ನು ಉಂಟುಮಾಡುತ್ತವೆ.

ಉಪಕರಣಗಳು

ಎರಡು ತುದಿಗಳಲ್ಲಿ ಹಿಡಿಗಳಿರುವ ಉದ್ದನೆಯ ಅಡ್ಡಗರಗಸವು ಮುಖ್ಯ ಉಪಕರಣ. ಇದರ ಅಲಗಿನಲ್ಲಿ ಎರಡು ಬಗೆಯ ಹಲ್ಲುಗಳಿರುತ್ತವೆ. ಕತ್ತರಿಸುವ ಹಲ್ಲುಗಳು ಮರದ ನಾರನ್ನು ಎರಡೂ ಬದಿಯಲ್ಲಿ ತುಂಡರಿಸುತ್ತವೆ. ಅವುಗಳ ನಡುವಿನ ಗೋರುಹಲ್ಲುಗಳು ಸಡಿಲವಾದ ನಾರನ್ನು ಉದ್ದನೆಯ ಎಳೆಗಳಾಗಿ ಹೊರಗೆ ತಳ್ಳುತ್ತವೆ. ಇಬ್ಬರೂ ಗರಗಸವನ್ನು ಸರದಿಯಂತೆ ಎಳೆಯುತ್ತಾರೆ, ಯಾರೂ ತಳ್ಳುವುದಿಲ್ಲ. ಹಳೆಯ ಕಾಲದಲ್ಲಿ ತಯಾರಾದ, ಬೆನ್ನಿನ ಕಡೆಗೆ ತೆಳುವಾಗುತ್ತ ಹೋಗುವ ಅಲಗಿನ ಗರಗಸಗಳಿಗೆ ಬಹಳ ಬೇಡಿಕೆಯಿದೆ. ಅವುಗಳ ಹಲ್ಲು ಹರಿತ ಮಾಡುವ ಕೌಶಲ ಬಲ್ಲವರು ವಿರಳ.

ಇಳಿಜಾರಿನಲ್ಲಿ ಬಿದ್ದ ಮರದ ಒಂದು ಬದಿ ಎಳೆತಕ್ಕೂ ಇನ್ನೊಂದು ಬದಿ ಒತ್ತಡಕ್ಕೂ ಒಳಗಾಗಿರುತ್ತದೆ. ಇದನ್ನು ಸರಿಯಾಗಿ ಅಳೆಯದೆ ಕತ್ತರಿಸಿದರೆ ಗರಗಸ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಚಿಮ್ಮಿ ಕೆಲಸಗಾರನಿಗೆ ಬಡಿಯುತ್ತದೆ. ಅರಣ್ಯ ಸೇವೆಯು 2016ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಗರಗಸ ನೀತಿಯಂತೆ ಸ್ವಯಂಸೇವಕರೂ ತರಬೇತಿ ಪಡೆದು ಅರ್ಹತಾ ಪತ್ರ ಹೊಂದಿರಬೇಕು ಮತ್ತು ಪ್ರಥಮ ಚಿಕಿತ್ಸೆ ಬಲ್ಲವರಾಗಿರಬೇಕು.

ಒಂದು ಕಡೆ ಕೊಡಲಿಯೂ ಇನ್ನೊಂದು ಕಡೆ ಗುದ್ದಲಿಯಂತಹ ಅಲಗೂ ಇರುವ ಪುಲಾಸ್ಕಿ ಎಂಬ ಉಪಕರಣ ಬೇರು ಕಡಿಯಲು ಮತ್ತು ಮಣ್ಣು ಅಗೆಯಲು ಬಳಕೆಯಾಗುತ್ತದೆ. 1910ರ ಕಾಳ್ಗಿಚ್ಚಿನಲ್ಲಿ ತನ್ನ ತಂಡದವರನ್ನು ಗಣಿ ಸುರಂಗಕ್ಕೆ ಕರೆದೊಯ್ದು ಹೆಚ್ಚಿನವರ ಪ್ರಾಣ ಉಳಿಸಿದ ಅರಣ್ಯ ರಕ್ಷಕ ಎಡ್ ಪುಲಾಸ್ಕಿ ಅವರ ಹೆಸರು ಇದಕ್ಕೆ ಬಂದಿದೆ.

ನೀರಿನ ನಿಯಂತ್ರಣ

ಕಾಡುಹಾದಿಯ ಬಾಳಿಕೆಯು ನೀರಿನ ಹರಿವನ್ನು ಅವಲಂಬಿಸಿದೆ. ಮಳೆ ಅಥವಾ ಹಿಮದ ನೀರು ಹಾದಿಯ ಉದ್ದಕ್ಕೂ ಹರಿದರೆ ಅದು ಕಾಲುವೆಯಾಗಿ ಮಾರ್ಪಡುತ್ತದೆ. ಇದನ್ನು ತಡೆಯಲು ಹಾದಿಯ ಮೇಲ್ಮೈಯನ್ನು ಕಣಿವೆಯ ಕಡೆಗೆ ತುಸು ಓರೆಯಾಗಿಸಲಾಗುತ್ತದೆ. ಕಡಿದಾದ ಭಾಗಗಳಲ್ಲಿ ಕಲ್ಲು ಅಥವಾ ದಿಮ್ಮಿಗಳನ್ನು ಅಡ್ಡಲಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸಲಾಗುತ್ತದೆ. ಜೌಗು ನೆಲದಲ್ಲಿ ಎರಡೂ ಬದಿ ದಿಮ್ಮಿಗಳನ್ನಿಟ್ಟು ನಡುವೆ ಕಲ್ಲು ಮತ್ತು ಮಣ್ಣು ತುಂಬಿ ಹಾದಿಯನ್ನು ಎತ್ತರಿಸಲಾಗುತ್ತದೆ. ಒಂದು ಕುದುರೆಯೂ ಅದರ ಮೇಲಿನ ಹೇರೂ ಸೇರಿ ಅರ್ಧ ಟನ್ನಿಗೂ ಹೆಚ್ಚು ತೂಗಬಹುದಾದ್ದರಿಂದ ಕುದುರೆ ಹಾದಿಯ ಸೇತುವೆಗಳು ಚಾರಣಿಗರ ಕಾಲುಸಂಕಗಳಿಗಿಂತ ಗಟ್ಟಿಯಾಗಿರಬೇಕು.

ಹೇರು ಸಾಗಣೆ

ಹೇಸರಗತ್ತೆಯು ಕುದುರೆಗಿಂತ ಎಚ್ಚರಿಕೆಯಿಂದ ಹೆಜ್ಜೆ ಇಡುವುದರಿಂದ ಹೇರು ಕೆಲಸಕ್ಕೆ ಅದಕ್ಕೇ ಹೆಚ್ಚಿನ ಆದ್ಯತೆ. ಒಂದು ಹೇಸರಗತ್ತೆಗೆ ಸಾಮಾನ್ಯವಾಗಿ ಸುಮಾರು 150 ಪೌಂಡ್ (68 ಕಿ.ಗ್ರಾಂ) ತೂಕ ಹೇರಲಾಗುತ್ತದೆ. ಸಾಮಗ್ರಿಗಳನ್ನು ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದು, ಹೇರುಜೀನಿನ ಎರಡೂ ಬದಿಗಳಿಗೆ ಸಮತೂಕವಾಗಿ ಕಟ್ಟುತ್ತಾರೆ. ತೂಕದಲ್ಲಿ ವ್ಯತ್ಯಾಸವಾದರೆ ಜೀನು ಒಂದು ಕಡೆಗೆ ಸರಿದು ಪ್ರಾಣಿಯ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಸಾಲಿನಲ್ಲಿ ಹಿಂದಿನ ಪ್ರಾಣಿಯನ್ನು ಮುಂದಿನದರ ಜೀನಿಗೆ ಕಟ್ಟುವಾಗ ನಡುವೆ ತೆಳುವಾದ ಹಗ್ಗದ ಕುಣಿಕೆಯೊಂದನ್ನು ಇಡಲಾಗುತ್ತದೆ. ಒಂದು ಪ್ರಾಣಿ ಕಮರಿಗೆ ಜಾರಿದರೆ ಈ ಕುಣಿಕೆ ಹರಿದು ಉಳಿದವು ಪಾರಾಗುತ್ತವೆ.

ಹಣಕಾಸು

ಘಟಕಗಳ ಮೂಲ ಆದಾಯ ಸದಸ್ಯತ್ವ ಶುಲ್ಕ. ಇದರ ಒಂದು ಪಾಲು ರಾಜ್ಯ ಮತ್ತು ರಾಷ್ಟ್ರೀಯ ಸಂಘಗಳಿಗೆ ಹೋಗುತ್ತದೆ. ಹರಾಜು, ಸಾಮೂಹಿಕ ಭೋಜನ, ಬಹುಮಾನ ಚೀಟಿ ಮತ್ತು ದೇಣಿಗೆ ಸಂಗ್ರಹದ ಸವಾರಿಗಳಿಂದಲೂ ಸ್ಥಳೀಯವಾಗಿ ಹಣ ಕೂಡಿಸಲಾಗುತ್ತದೆ. ಲೆಕ್ಕಪತ್ರದಲ್ಲಿ ಸುಲಭವಾಗಿ ಕಾಣದ ವೆಚ್ಚ ಇದಕ್ಕಿಂತ ದೊಡ್ಡದು. ಕುದುರೆಗಳ ಮೇವು, ಲಾಳ ಮತ್ತು ಚಿಕಿತ್ಸೆ, ಅವುಗಳನ್ನು ಹಾದಿಯ ಆರಂಭದವರೆಗೆ ಸಾಗಿಸುವ ವಾಹನ ಮತ್ತು ಇಂಧನ ಇವೆಲ್ಲವನ್ನೂ ಬಹುಮಟ್ಟಿಗೆ ಸದಸ್ಯರು ಸ್ವಂತ ಖರ್ಚಿನಲ್ಲಿ ನೋಡಿಕೊಳ್ಳುತ್ತಾರೆ.

ಕೇಂದ್ರ ಸರ್ಕಾರದ ಮನರಂಜನಾ ಹಾದಿಗಳ ಕಾರ್ಯಕ್ರಮವು ಅನುದಾನದ ಮುಖ್ಯ ಮೂಲಗಳಲ್ಲೊಂದು. 1991ರ ಸಾರಿಗೆ ಶಾಸನದಲ್ಲಿ ಆರಂಭವಾದ ಈ ಯೋಜನೆಗೆ ಹೆದ್ದಾರಿಯ ಹೊರಗೆ ಓಡುವ ಮನರಂಜನಾ ವಾಹನಗಳ ಇಂಧನ ತೆರಿಗೆಯ ಆಧಾರದಲ್ಲಿ ಹಣ ಒದಗಿಸಲಾಗುತ್ತದೆ. ರಾಜ್ಯಗಳು ಈ ಹಣದಲ್ಲಿ ಶೇ. 30ನ್ನು ಮೋಟಾರು ಹಾದಿಗಳಿಗೆ, ಶೇ. 30ನ್ನು ಮೋಟಾರುರಹಿತ ಹಾದಿಗಳಿಗೆ ಮತ್ತು ಶೇ. 40ನ್ನು ಹಲವು ಬಗೆಯ ಬಳಕೆಯ ಹಾದಿಗಳಿಗೆ ವಿನಿಯೋಗಿಸಬೇಕು. ಅನುದಾನವು ಸಾಮಾನ್ಯವಾಗಿ ಯೋಜನಾ ವೆಚ್ಚದ ಶೇ. 80ರವರೆಗೆ ದೊರೆಯುತ್ತದೆ, ಉಳಿದುದನ್ನು ಅರ್ಜಿದಾರರು ಹೊಂದಿಸಬೇಕು. ಸ್ವಯಂಸೇವಕರ ಶ್ರಮ ಮತ್ತು ದಾನವಾಗಿ ಬಂದ ಸಾಮಗ್ರಿಗಳ ಮೌಲ್ಯವನ್ನೂ ಈ ಪಾಲಿಗೆ ಲೆಕ್ಕ ಹಿಡಿಯಬಹುದು. ಹಾಗಾಗಿ ಘಟಕಗಳು ಕೆಲಸದ ಗಂಟೆ, ಪ್ರಯಾಣದ ದೂರ ಮತ್ತು ಬಳಸಿದ ಪ್ರಾಣಿಗಳ ದಿನಗಳನ್ನು ತಪ್ಪದೆ ದಾಖಲಿಸುತ್ತವೆ.

2020ರ ಆಗಸ್ಟ್‌ನಲ್ಲಿ ಜಾರಿಯಾದ ಗ್ರೇಟ್ ಅಮೇರಿಕನ್ ಔಟ್‌ಡೋರ್ಸ್ ಕಾಯ್ದೆಯು ಸಾರ್ವಜನಿಕ ಭೂಮಿಗಳ ಬಾಕಿ ದುರಸ್ತಿಗಾಗಿ ಐದು ವರ್ಷಗಳ ಕಾಲ ವರ್ಷಕ್ಕೆ 190 ಕೋಟಿ ಡಾಲರ್‌ವರೆಗೆ ಒದಗಿಸಿತು. ಅದರಲ್ಲಿ ಶೇ. 15 ಅರಣ್ಯ ಸೇವೆಗೆ ಮೀಸಲಾಗಿತ್ತು. ಕಟ್ಟಡ ಮತ್ತು ರಸ್ತೆಗಳೊಂದಿಗೆ ಹಾದಿಗಳೂ ಈ ನಿಧಿಯ ವ್ಯಾಪ್ತಿಗೆ ಬಂದವು.

ಪರಿಸರ ಶಿಸ್ತು

ಕಾಡಿನಲ್ಲಿ ಗುರುತು ಉಳಿಸದೆ ಸಂಚರಿಸುವ 'ಲೀವ್ ನೋ ಟ್ರೇಸ್' ತತ್ವಗಳನ್ನು ಕುದುರೆ ಸವಾರರಿಗೆ ಹೊಂದಿಸಿ ಕಲಿಸುವುದು ಒಕ್ಕೂಟದ ಶಿಕ್ಷಣ ಕಾರ್ಯದ ಮುಖ್ಯ ಭಾಗ. ಸಾಮಾನ್ಯವಾಗಿ ಪಾಲಿಸುವ ಕ್ರಮಗಳು ಹೀಗಿವೆ:

- ಪ್ರಾಣಿಗಳನ್ನು ಮರದ ಬುಡಕ್ಕೆ ನೇರವಾಗಿ ಕಟ್ಟದೆ, ಎರಡು ಮರಗಳ ನಡುವೆ ತಲೆಗಿಂತ ಎತ್ತರದಲ್ಲಿ ಬಿಗಿದ ಹಗ್ಗಕ್ಕೆ ಕಟ್ಟುವುದು. ತೊಗಟೆಗೆ ಗಾಯವಾಗದಂತೆ ಅಗಲವಾದ ಪಟ್ಟಿಗಳನ್ನು ಬಳಸುವುದು.
- ಕಳೆಬೀಜಗಳಿಲ್ಲವೆಂದು ಪ್ರಮಾಣೀಕರಿಸಿದ ಮೇವನ್ನು ಮಾತ್ರ ಕಾಡಿನೊಳಕ್ಕೆ ಒಯ್ಯುವುದು. ಪಶ್ಚಿಮದ ಅನೇಕ ರಾಷ್ಟ್ರೀಯ ಅರಣ್ಯಗಳಲ್ಲಿ ಇದು ಕಡ್ಡಾಯ.
- ಬಿಡಾರವನ್ನು ಕೆರೆ ಮತ್ತು ತೊರೆಗಳಿಂದ ದೂರದಲ್ಲಿ ಹೂಡುವುದು.
- ಹೊರಡುವ ಮುನ್ನ ಲದ್ದಿಯನ್ನು ಚೆದುರಿಸಿ, ಗೊರಸಿನಿಂದಾದ ಗುಂಡಿಗಳನ್ನು ಮುಚ್ಚುವುದು.
- ಅಂಕುಡೊಂಕಾದ ತಿರುವುಗಳನ್ನು ಬಿಟ್ಟು ನೇರವಾಗಿ ಇಳಿಯದಿರುವುದು.

ಬಾಬ್ ಮಾರ್ಷಲ್ ವನ್ಯಪ್ರದೇಶ ಸಮುಚ್ಚಯದಲ್ಲಿ ಒಂದು ತಂಡಕ್ಕೆ 15 ಜನ ಮತ್ತು 35 ಪ್ರಾಣಿಗಳ ಮಿತಿ ಇದೆ. ಕರಡಿಗಳಿರುವ ಕಾಡುಗಳಲ್ಲಿ ಜನರ ಆಹಾರವನ್ನಷ್ಟೇ ಅಲ್ಲದೆ ಪ್ರಾಣಿಗಳ ಧಾನ್ಯವನ್ನೂ ಕರಡಿಗೆ ಎಟುಕದಂತೆ ಇಡಬೇಕು.

ಭಿನ್ನಾಭಿಪ್ರಾಯಗಳು

ಹೇರು ಪ್ರಾಣಿಗಳ ಬಳಕೆಗೆ ಚಾರಣಿಗರ ಕೆಲವು ಸಂಘಗಳ ವಿರೋಧವಿದೆ. ಕ್ಯಾಲಿಫೋರ್ನಿಯದ ಸಿಕ್ವೋಯ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ವಾಣಿಜ್ಯ ಹೇರು ಸೇವೆಗಳ ಕುರಿತು ಹೈ ಸಿಯೆರಾ ಹೈಕರ್ಸ್ ಅಸೋಸಿಯೇಷನ್ ನ್ಯಾಯಾಲಯದ ಮೊರೆ ಹೋಯಿತು. ವನ್ಯಪ್ರದೇಶ ಕಾಯ್ದೆಯು ವಾಣಿಜ್ಯ ಸೇವೆಗಳಿಗೆ ಅವಶ್ಯಕತೆ ಇರುವಷ್ಟು ಮಾತ್ರ ಅವಕಾಶ ನೀಡುತ್ತದೆ ಎಂಬುದು ಅದರ ವಾದವಾಗಿತ್ತು. ಅನುಮತಿಗಳು ಅನಿಶ್ಚಿತವಾದಾಗ ಅಮೇರಿಕದ ಸಂಸತ್ತು 2012ರಲ್ಲಿ ಪ್ರತ್ಯೇಕ ಕಾನೂನಿನ ಮೂಲಕ ಅವುಗಳ ಮುಂದುವರಿಕೆಗೆ ಅವಕಾಶ ಕಲ್ಪಿಸಿತು.

ವನ್ಯಪ್ರದೇಶಗಳಲ್ಲಿ ಸೈಕಲ್ ಸವಾರಿಗೆ ಅವಕಾಶ ನೀಡುವ ಪ್ರಶ್ನೆಯೂ ವಿವಾದಾಸ್ಪದವಾಗಿದೆ. ಇದಕ್ಕಾಗಿ 2016ರಿಂದ ಸಂಸತ್ತಿನಲ್ಲಿ ಮಸೂದೆಗಳು ಮಂಡನೆಯಾಗಿವೆ. ಮಾನವಶಕ್ತಿಯಿಂದ ಸಾಗುವ ಸೈಕಲ್ಲನ್ನು ಹೊರಗಿಟ್ಟು ಕುದುರೆಗೆ ಅವಕಾಶ ನೀಡುವುದು ನ್ಯಾಯವಲ್ಲ ಎಂದು ಬೆಂಬಲಿಗರು ವಾದಿಸುತ್ತಾರೆ. ಸೈಕಲ್ ಕೂಡ ಯಾಂತ್ರಿಕ ಸಾಗಣೆಯೇ ಎಂಬುದು ಒಕ್ಕೂಟದ ನಿಲುವು. ಕಿರಿದಾದ ಹಾದಿಯ ತಿರುವಿನಲ್ಲಿ ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ಲಿಗೆ ಹೇರು ಪ್ರಾಣಿಗಳು ಬೆದರಿದರೆ ಅಪಘಾತವಾಗಬಹುದು ಎಂಬ ಸುರಕ್ಷತೆಯ ಕಾರಣವನ್ನೂ ಸವಾರರು ಮುಂದಿಡುತ್ತಾರೆ.

ಯಂತ್ರ ಗರಗಸದ ಬಗ್ಗೆ ಸವಾರರಲ್ಲಿಯೇ ಎರಡು ಅಭಿಪ್ರಾಯಗಳಿವೆ. ಕಾಳ್ಗಿಚ್ಚಿನ ನಂತರ ಸಾವಿರಾರು ಮರಗಳು ಬಿದ್ದಿರುವಾಗ ಅಲ್ಪಾವಧಿಗೆ ಯಂತ್ರ ಬಳಸಿ ಹಾದಿಗಳನ್ನು ತೆರೆಯಬೇಕೆಂಬುದು ಒಂದು. ಒಮ್ಮೆ ವಿನಾಯಿತಿ ಕೊಟ್ಟರೆ ವನ್ಯಪ್ರದೇಶದ ಮೂಲ ಉದ್ದೇಶವೇ ಸಡಿಲಗೊಳ್ಳುತ್ತದೆ ಎಂಬುದು ಇನ್ನೊಂದು.

ಸವಾಲುಗಳು

ಸದಸ್ಯರಲ್ಲಿ ನಡುವಯಸ್ಸು ದಾಟಿದವರು ಹೆಚ್ಚು. ಕುದುರೆ ಸಾಕಣೆಯ ವೆಚ್ಚ, ಮೇಯಲು ಬಿಡುವ ಜಮೀನಿನ ಕೊರತೆ ಮತ್ತು ಬಿಡುವಿನ ಅಭಾವದಿಂದ ಯುವಕರನ್ನು ಸೆಳೆಯುವುದು ಕಷ್ಟವಾಗಿದೆ. ಹೇರು ಕಟ್ಟುವುದು, ಹೇಸರಗತ್ತೆಗಳನ್ನು ಪಳಗಿಸುವುದು ಮತ್ತು ಗರಗಸ ಹರಿತ ಮಾಡುವುದು ಅನುಭವಿಗಳ ಜೊತೆಗಿದ್ದು ಕಲಿಯಬೇಕಾದ ವಿದ್ಯೆಗಳು. ಇವುಗಳನ್ನು ಮುಂದಿನ ತಲೆಮಾರಿಗೆ ದಾಟಿಸಲು ಘಟಕಗಳು ತರಬೇತಿ ಶಿಬಿರಗಳನ್ನು ನಡೆಸುತ್ತವೆ.

ಸ್ವಯಂಸೇವಕರ ನೆರವಿಗೂ ಮಿತಿಯಿದೆ. ಕೆಲಸದ ಸ್ಥಳ ಗುರುತಿಸಲು, ಒಪ್ಪಂದ ಮಾಡಿಕೊಳ್ಳಲು, ಗರಗಸ ಅರ್ಹತೆ ಪರೀಕ್ಷಿಸಲು ಇಲಾಖೆಯ ಸಿಬ್ಬಂದಿ ಬೇಕು. ಬೆಂಕಿ ನಂದಿಸುವ ವೆಚ್ಚವು ಅರಣ್ಯ ಸೇವೆಯ ಬಜೆಟ್ಟಿನ ಹೆಚ್ಚಿನ ಪಾಲನ್ನು ನುಂಗಿದಂತೆ ಹಾದಿ ಸಿಬ್ಬಂದಿಯ ಸಂಖ್ಯೆ ಕುಗ್ಗಿತು. ಸಿಬ್ಬಂದಿ ಇಲ್ಲದ ವಲಯಗಳಲ್ಲಿ ಕೆಲಸ ಮಾಡಲು ಸವಾರರು ಸಿದ್ಧರಿದ್ದರೂ ಮೇಲ್ವಿಚಾರಣೆ ದೊರೆಯದೆ ಹಾದಿಗಳು ಮುಚ್ಚಿಯೇ ಉಳಿಯುತ್ತವೆ. ಹೀಗಾಗಿ ಒಕ್ಕೂಟವು ಉಚಿತ ಶ್ರಮವನ್ನು ನೀಡುತ್ತಲೇ, ಆ ಶ್ರಮವು ಸರ್ಕಾರಿ ಸಿಬ್ಬಂದಿಗೆ ಬದಲಿಯಾಗಲಾರದು ಎಂದು ಹಾದಿಗಳ ಅನುದಾನಕ್ಕಾಗಿ ಒತ್ತಾಯಿಸುತ್ತ ಬಂದಿದೆ.

ಇವನ್ನೂ ನೋಡಿ

- ಬಾಬ್ ಮಾರ್ಷಲ್ ವನ್ಯಪ್ರದೇಶ
- ಅಮೇರಿಕದ ಅರಣ್ಯ ಸೇವೆ
- ಹೇಸರಗತ್ತೆ
- ಚಾರಣ